ತುಮಕೂರಿನಿಂದ ಮುಳ್ಳಯ್ಯನಗಿರಿಗೆ: ಕರ್ನಾಟಕದ ಅತಿ ಎತ್ತರದ ಜಾಗಕ್ಕೆ ಮೂರು ಹಗಲಿನ ಸಮಗ್ರ ಮಾರ್ಗದರ್ಶಿ

ತುಮಕೂರಿನವರು ಬಿ.ಎಚ್. ರಸ್ತೆ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ‘ಬಿ’ ಬೆಂಗಳೂರು, ‘ಎಚ್’ ಹೊನ್ನಾವರ. ಆದರೆ ನಮ್ಮ ತಲೆ ತಿರುಗುವುದು ಯಾವಾಗಲೂ ‘ಬಿ’ ಕಡೆಗೇ. ಒಂದು ಸಲ ‘ಎಚ್’ ಕಡೆಗೆ ತಿರುಗಿ, ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ ಕಡೂರಿನಲ್ಲಿ ಎಡಕ್ಕೆ ಹೊರಳಿದರೆ ಚಿಕ್ಕಮಗಳೂರು. ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಮುಳ್ಳಯ್ಯನಗಿರಿ. ಸಮುದ್ರ ಮಟ್ಟದಿಂದ 1,930 ಮೀಟರ್. ಇಡೀ ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ನೆಲವಿಲ್ಲ.

ನಾನು ಮೂರು ಸಲ ಹೋಗಿದ್ದೇನೆ. ಮೊದಲನೆಯ ಸಲ ತುದಿ ಮುಟ್ಟಲಿಲ್ಲ, ಎರಡನೆಯ ಸಲ ಮುಟ್ಟಿದೆ ಆದರೆ ಏನೂ ಕಾಣಲಿಲ್ಲ, ಮೂರನೆಯ ಸಲ ಎಲ್ಲವೂ ಕೂಡಿ ಬಂತು. ಮೊದಲ ಎರಡು ಸಲದ ತಪ್ಪುಗಳೇ ಈ ಬರಹದ ಬಂಡವಾಳ.

ಮೊದಲ ಕೆಲಸ: ದಿನ ಗೊತ್ತುಮಾಡುವುದು

ವಾಹನ, ಊಟ, ಕೋಣೆ ಎಲ್ಲಕ್ಕಿಂತ ಮೊದಲು ಕ್ಯಾಲೆಂಡರ್ ತೆಗೆಯಿರಿ. ಶನಿವಾರ, ಭಾನುವಾರ ಮತ್ತು ಸೋಮವಾರಕ್ಕೆ ಅಂಟಿಕೊಂಡ ಸರ್ಕಾರಿ ರಜೆಗಳನ್ನು ಹೊಡೆದುಹಾಕಿ. ಮೊದಲ ಸಲ ನಾವು ಹೋದದ್ದು ಅಂಥದ್ದೇ ಒಂದು ಭಾನುವಾರ. ಬೆಳಗಿನ ನಾಲ್ಕಕ್ಕೆ ತುಮಕೂರು ಬಿಟ್ಟು, ಗಿರಿ ನೋಡಿಕೊಂಡು, ರಾತ್ರಿ ಮನೆಗೆ ಬಂದು ಮಲಗುವ ಲೆಕ್ಕಾಚಾರ. ಗಿರಿಯ ತಿರುವೊಂದರಲ್ಲಿ ಕಾರುಗಳ ಸಾಲು ನಿಂತದ್ದು ಮೂರು ಗಂಟೆ ಅಲುಗಲಿಲ್ಲ. ಏರಿನಲ್ಲಿ ಕ್ಲಚ್ ಒತ್ತಿ ಒತ್ತಿ, ಸುಟ್ಟ ರಬ್ಬರಿನಂಥ ವಾಸನೆ ಕಾರಿನೊಳಕ್ಕೇ ಬಂತು. ಮಕ್ಕಳು ಕಿಟಕಿಯಿಂದ ಮುಂದಿನ ಕಾರಿನ ನಂಬರನ್ನು ಬಾಯಿಪಾಠ ಮಾಡಿದರು. ಕೊನೆಗೆ ಹೇಗೋ ತಿರುಗಿಸಿಕೊಂಡು ಕೆಳಗಿಳಿದೆವು. ಒಂದೇ ದಿನದಲ್ಲಿ ಹೋಗಿ ಬರಬಹುದು ಎಂದು ಯಾರಾದರೂ ಹೇಳಿದರೆ ದಾರಿಯ ಮಟ್ಟಿಗೆ ಅದು ನಿಜ, ಗಿರಿಯ ಮಟ್ಟಿಗೆ ಅಲ್ಲ.

ವಾರದ ನಡುವೆ ಮೂರು ದಿನ ರಜೆ ಹಾಕಿ. ತಿಂಗಳಿನ ವಿಷಯಕ್ಕೆ ಬಂದರೆ, ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಳೆ ಬಿಟ್ಟ ಹೊಸತರಲ್ಲಿ ಹುಲ್ಲು ಹಸಿರಾಗಿರುತ್ತದೆ, ನವೆಂಬರ್ ನಂತರ ಆಕಾಶ ತಿಳಿಯಾಗಿ ದೂರದವರೆಗೆ ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತಂಪೇನೋ ಇರುತ್ತದೆ, ಆದರೆ ಹುಲ್ಲು ಒಣಗಿ, ಬಯಲಿನ ಕಡೆ ಮಬ್ಬು ಕವಿದು ನೋಟ ಅರ್ಧಕ್ಕರ್ಧ ಹೋಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯನ್ನೇ ನೋಡಬೇಕೆನ್ನುವವರು ಹೋಗುತ್ತಾರೆ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಮಣ್ಣು ಕುಸಿದು ದಾರಿ ಮುಚ್ಚುವುದೂ ಉಂಟು. ನನ್ನ ಎರಡನೆಯ ಯಾತ್ರೆ ಜುಲೈನದು. ನಾಲ್ಕು ಅಡಿ ಮುಂದಿದ್ದ ಹೆಂಡತಿಯನ್ನು ಬಳೆಯ ಸದ್ದಿನಿಂದ ಗುರುತಿಸಿದೆ.

ಇನ್ನೊಂದು ಎಚ್ಚರ. ಡಿಸೆಂಬರ್ ಹೊತ್ತಿಗೆ ದತ್ತ ಜಯಂತಿಯ ಆಸುಪಾಸಿನಲ್ಲಿ ಜಿಲ್ಲಾಡಳಿತ ಗಿರಿ ಪ್ರದೇಶಕ್ಕೆ ಪ್ರವಾಸಿಗರನ್ನು ಕೆಲವು ದಿನ ಬಿಡುವುದಿಲ್ಲ. ಮಾರ್ಗಶಿರ ಹುಣ್ಣಿಮೆ ಯಾವತ್ತು ಬೀಳುತ್ತದೆ ಎಂದು ಪಂಚಾಂಗ ನೋಡಿ, ಅದರ ಹಿಂದು ಮುಂದಿನ ವಾರ ಬಿಟ್ಟುಬಿಡಿ.

ಎರಡನೆಯದು: ಮುಂಗಡ ನೋಂದಣಿ

ಗಿರಿ ಪ್ರದೇಶಕ್ಕೆ ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿ ಈಗ ಬಂದಿದೆ. ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಜಿಲ್ಲಾಡಳಿತದ ಜಾಲತಾಣದಲ್ಲಿ ವಾಹನದ ಸಂಖ್ಯೆ ಕೊಟ್ಟು ಮೊದಲೇ ಬುಕ್ ಮಾಡಿಕೊಳ್ಳಬೇಕು. ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ಬೆಳಗಿನ ಪಾಳಿಯನ್ನೇ ಹಿಡಿಯಿರಿ. ಚೀಟಿಯನ್ನು ಮೊಬೈಲಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ, ಮೇಲೆ ಹೋದಂತೆ ಸಿಗ್ನಲ್ ಕೈಕೊಡುತ್ತದೆ. ಸಾಧ್ಯವಾದರೆ ಕಾಗದದ ಮೇಲೂ ಒಂದು ಪ್ರತಿ ಇರಲಿ.

ಹತ್ತು ಹದಿನೈದು ಜನ ಸೇರಿ ಮಿನಿ ಬಸ್ ಮಾಡಿಕೊಂಡು ಹೋಗುವ ಯೋಚನೆಯಿದ್ದರೆ ಕೈಬಿಡಿ. ದೊಡ್ಡ ವಾಹನಗಳಿಗೆ ಮೇಲಿನ ಇಕ್ಕಟ್ಟು ದಾರಿ ಆಗುವುದಿಲ್ಲ. ಊರಿನಲ್ಲೇ ನಿಲ್ಲಿಸಿ ಬಾಡಿಗೆ ಜೀಪು ಮಾಡಿಕೊಳ್ಳಬೇಕಾಗುತ್ತದೆ. ಹಾಗೆ ನೋಡಿದರೆ, ಬೆಟ್ಟದ ದಾರಿಯಲ್ಲಿ ಓಡಿಸಿ ರೂಢಿಯಿಲ್ಲದವರಿಗೆ ಚಿಕ್ಕ ಕಾರಿಗಿಂತಲೂ ಜೀಪೇ ವಾಸಿ. ಚಾಲಕರಿಗೆ ಪ್ರತಿ ತಿರುವೂ ಗೊತ್ತಿರುತ್ತದೆ; ನೀವು ಕಿಟಕಿಯಿಂದಾಚೆ ನೋಡುತ್ತ ಕೂರಬಹುದು.

ತಂಗುವುದಕ್ಕೆ ಚಿಕ್ಕಮಗಳೂರು ಪೇಟೆಯಲ್ಲಿ ಹೋಟೆಲುಗಳಿವೆ, ತೋಟಗಳ ನಡುವೆ ಹೋಂಸ್ಟೇಗಳಿವೆ. ಒಂದು ರಾತ್ರಿಯಾದರೂ ತೋಟದಲ್ಲಿ ಕಳೆಯಿರಿ ಎಂಬುದು ನನ್ನ ಮಾತು. ಕೋಣೆ ಗೊತ್ತುಮಾಡುವಾಗ ಕೇಳಬೇಕಾದದ್ದು: ತಲೆಗೆ ಹೇಳುವ ದರದಲ್ಲಿ ರಾತ್ರಿ ಊಟವೂ ಬೆಳಗಿನ ತಿಂಡಿಯೂ ಸೇರಿದೆಯೇ, ಕೊನೆಯ ಒಂದೆರಡು ಕಿಲೋಮೀಟರಿನ ಮಣ್ಣು ದಾರಿಯಲ್ಲಿ ಕಾರು ಇಳಿಯುತ್ತದೆಯೇ, ಬೆಳಗ್ಗೆ ಐದಕ್ಕೆ ಹೊರಟರೆ ಗೇಟು ತೆಗೆಯುವವರು ಯಾರು. ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಬೆಳಗ್ಗೆ ಬೀಗ ಹಾಕಿದ ಗೇಟಿನ ಮುಂದೆ ನಿಂತು ಹಾರ್ನ್ ಹೊಡೆಯುತ್ತಾರೆ.

ಗಂಟು ಕಟ್ಟುವಾಗ

ತುಮಕೂರು ಇರುವುದು ಸುಮಾರು 820 ಮೀಟರ್ ಎತ್ತರದಲ್ಲಿ. ಅಲ್ಲಿಗೂ ಗಿರಿಯ ತುದಿಗೂ ಸಾವಿರದ ನೂರು ಮೀಟರಿನಷ್ಟು ಅಂತರ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಅಲ್ಲಿ ಏಳು ಡಿಗ್ರಿ ಕಡಿಮೆ. ಮೇಲೆ ಗಾಳಿ ಬೇರೆ. ಇದನ್ನೆಲ್ಲ ವಿವರಿಸಿದರೂ ನಮ್ಮ ಅಮ್ಮ, “ನವೆಂಬರ್‌ನಲ್ಲಿ ಎಂಥ ಚಳಿಯಪ್ಪ, ಸೆರಗು ಹೊದ್ದರೆ ಸಾಕು” ಎಂದು ಸ್ವೆಟರ್ ಬೇಡವೆಂದರು. ಅವರಿಗೆ ಗೊತ್ತಾಗದಂತೆ ಚೀಲದ ಅಡಿಯಲ್ಲಿ ಒಂದನ್ನು ಸೇರಿಸಿದೆ.

ತಲೆಗೆ ಸ್ಕಾರ್ಫ್ ಅಥವಾ ಟೊಪ್ಪಿಗೆ, ಹಿಡಿತವಿರುವ ಬೂಟು, ಒಂದು ಜೊತೆ ಹೆಚ್ಚುವರಿ ಕಾಲುಚೀಲ, ತಿರುವಿನಲ್ಲಿ ಹೊಟ್ಟೆ ತೊಳಸುವವರಿಗೆ ಮಾತ್ರೆಯೋ ನಿಂಬೆಹಣ್ಣೋ. ನೀರು ಸ್ಟೀಲ್ ಬಾಟಲಿಯಲ್ಲಿರಲಿ. ತಪಾಸಣೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನೂ ಮದ್ಯವನ್ನೂ ತೆಗೆದಿಡುತ್ತಾರೆ. ಚಿಲ್ಲರೆ ನೋಟು ಇರಲಿ. ಬುತ್ತಿಗೆ ಚಿತ್ರಾನ್ನವೇ ಸರಿ, ಮೊಸರನ್ನ ಎರಡನೆಯ ದಿನಕ್ಕೆ ಉಳಿಯುವುದಿಲ್ಲ.

ಮೆಟ್ಟಿಲು ಹತ್ತಲು ಮನೆಯ ಹಿರಿಯರಿಗೆ ಆಗುತ್ತದೆಯೇ ಎಂಬ ಅನುಮಾನವಿದ್ದರೆ ಅದಕ್ಕೊಂದು ಊರಿನ ಪರೀಕ್ಷೆಯಿದೆ. ಹಿಂದಿನ ಭಾನುವಾರ ದೇವರಾಯನದುರ್ಗಕ್ಕೆ ಹೋಗಿ, ಮೇಲಿನ ಯೋಗಾನರಸಿಂಹನ ಗುಡಿಯವರೆಗೆ ಮೆಟ್ಟಿಲು ಹತ್ತಿಸಿ. ಅಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡು ಹತ್ತಿದರೆ, ಇಲ್ಲಿ ನಾಲ್ಕು ಕಡೆ ಕೂತು ಹತ್ತುತ್ತಾರೆ. ಅಮ್ಮನದು ಹಾಗೆಯೇ ಆಯಿತು.

ಮೊದಲ ದಿನ: ‘ಎಚ್’ ಕಡೆಗೆ

ತುಮಕೂರಿನಿಂದ ಚಿಕ್ಕಮಗಳೂರಿಗೆ ಈ ದಾರಿಯಲ್ಲಿ ಸುಮಾರು 180 ಕಿಲೋಮೀಟರ್. ನಿಲ್ಲದೆ ಹೋದರೆ ನಾಲ್ಕು ಗಂಟೆಯೊಳಗೆ ಮುಟ್ಟಬಹುದು, ಆದರೆ ನಿಲ್ಲಬೇಕು. ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ದಾಟುವವರೆಗೆ ಎಡಬಲಕ್ಕೆ ತೆಂಗು ಬಿಟ್ಟರೆ ಬೇರೇನಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ಮಾರುಕಟ್ಟೆಯ ಲಾರಿಗಳು ದಾರಿಗಡ್ಡ ನಿಂತಿದ್ದರೆ ಬೇಸರಪಡಬೇಡಿ, ಅದೇ ನೆಪದಲ್ಲಿ ತಿಂಡಿ ಮುಗಿಸಿ.

ಅರಸೀಕೆರೆಯಲ್ಲಿ ಮುಕ್ಕಾಲು ಗಂಟೆ. ಊರೊಳಗಿನ ಈಶ್ವರ ದೇವಾಲಯ 1220ರ ಸುಮಾರಿನ ಹೊಯ್ಸಳರ ಕಟ್ಟಡ. ನಕ್ಷತ್ರದಂತೆ ಮೂಲೆಮೂಲೆಯಾಗಿ ಹರಡಿಕೊಂಡ ಮುಂದಿನ ಮಂಟಪ ಬೇರೆಡೆ ಸುಲಭವಾಗಿ ಕಾಣಸಿಗದು. ಬೇಲೂರಿನ ಜನಜಂಗುಳಿ ಇಲ್ಲಿಲ್ಲ, ನಾವು ಹೋದಾಗ ಒಂದು ನಾಯಿ ಮತ್ತು ಓದಿಕೊಳ್ಳುತ್ತಿದ್ದ ಇಬ್ಬರು ಹುಡುಗರು ಇದ್ದರು, ಅಷ್ಟೇ.

ಬಾಣಾವರ, ಕಡೂರು ದಾಟಿ ಸಖರಾಯಪಟ್ಟಣಕ್ಕೆ ಬಂದಾಗ ಮುಖ್ಯರಸ್ತೆ ಬಿಟ್ಟು ಅಯ್ಯನಕೆರೆಗೆ ಹೋಗಿ. ಇದನ್ನು ತಪ್ಪಿಸಬೇಡಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ನಾವು ಕೆರೆಯ ನೆಲದವರು. ಕೆರೆ ಬತ್ತುವುದನ್ನು ನೋಡುತ್ತ ಬೆಳೆದವರು. ಶಕುನಗಿರಿಯ ಬುಡದಲ್ಲಿ ಬೆಟ್ಟಗಳ ನಡುವೆ ಕಟ್ಟೆ ಹಾಕಿ ನಿಲ್ಲಿಸಿದ ಈ ನೀರು ಬರುವುದು ನೀವು ನಾಳೆ ಹತ್ತಲಿರುವ ಬೆಟ್ಟಸಾಲಿನಿಂದಲೇ. ಅಲ್ಲಿ ಹುಟ್ಟುವ ವೇದಾ ಮತ್ತು ಆವತಿ ಹೊಳೆಗಳು ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗಿ, ಹಿರಿಯೂರಿನ ಬಳಿ ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ತುಂಬುತ್ತವೆ. ಶಿರಾದಿಂದ ಹಿರಿಯೂರಿಗೆ ಹೋಗಿಬಂದ ನಮ್ಮ ಜಿಲ್ಲೆಯವರು ಆ ಅಣೆಕಟ್ಟೆಯನ್ನು ಕಂಡೇ ಇರುತ್ತಾರೆ. ಆ ನೀರಿನ ತವರುಮನೆ ಈ ಗಿರಿ.

ಸಂಜೆ ಚಿಕ್ಕಮಗಳೂರಿಗೆ ತಾಗಿಕೊಂಡ ಹಿರೇಮಗಳೂರು. ಸಖರಾಯಪಟ್ಟಣದ ರುಕ್ಮಾಂಗದ ರಾಜ ಹಿರಿಯ ಮಗಳಿಗೆ ಈ ಊರನ್ನೂ ಕಿರಿಯ ಮಗಳಿಗೆ ಪಕ್ಕದ ಊರನ್ನೂ ಬಳುವಳಿಯಾಗಿ ಕೊಟ್ಟನೆಂಬುದು ಐತಿಹ್ಯ. ಚಿಕ್ಕ ಮಗಳ ಊರೇ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಇಲ್ಲಿನ ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ, ಪೂಜೆ ಕನ್ನಡದಲ್ಲಿ ನಡೆಯುತ್ತದೆ. ಮಂತ್ರ ಅರ್ಥವಾದಾಗ ಅಮ್ಮ ಕೈಮುಗಿದು ನಿಂತ ರೀತಿಯೇ ಬೇರೆಯಾಗಿತ್ತು; ಒಂದೆರಡು ಕಡೆ “ಹೌದು” ಎಂದು ತಲೆಯಾಡಿಸಿದರು.

ರಾತ್ರಿ ಊಟಕ್ಕೆ ಮುಂಚೆ ಪೆಟ್ರೋಲ್ ತುಂಬಿಸಿ, ಟೈರಿನ ಗಾಳಿ ನೋಡಿಸಿ. ಒಂಬತ್ತಕ್ಕೆ ಮಲಗಿ.

ಕಾರಿಲ್ಲದವರಿಗೆ: ತುಮಕೂರಿನಿಂದ ಶಿವಮೊಗ್ಗ ಕಡೆಯ ರೈಲು ಅಥವಾ ಬಸ್ ಹಿಡಿದು ಕಡೂರಿನಲ್ಲಿ ಇಳಿಯಿರಿ. ಅಲ್ಲಿಂದ ಚಿಕ್ಕಮಗಳೂರಿಗೆ ಬಸ್ ಸಿಗುತ್ತದೆ. 2013ರಿಂದ ಕಡೂರು–ಚಿಕ್ಕಮಗಳೂರು ರೈಲು ಮಾರ್ಗವೂ ಇದೆ, ಆದರೆ ಗಾಡಿಗಳು ಕಡಿಮೆ, ಹೊತ್ತು ಕೂಡಿಬರಬೇಕು.

ಎರಡನೆಯ ದಿನ: ಗಿರಿ

ಆರು ಗಂಟೆಗೆ ಕೈಮರದ ತಪಾಸಣಾ ಗೇಟಿನ ಬಳಿ ಇರಿ. ಮೇಲೆ ನಿಂತು ಸೂರ್ಯೋದಯ ನೋಡುವ ಆಸೆ ಬೇಡ, ಗೇಟು ತೆಗೆದು ಮೇಲೆ ಮುಟ್ಟುವಷ್ಟರಲ್ಲಿ ಸೂರ್ಯ ಬಂದಿರುತ್ತಾನೆ. ಅದಕ್ಕಾಗಿ ಗೇಟಿನವರ ಜೊತೆ ವಾದ ಮಾಡುವವರನ್ನು ನೋಡಿದ್ದೇನೆ. ವಾದದಲ್ಲಿ ಗೆದ್ದವರನ್ನು ನೋಡಿಲ್ಲ.

ಅಲ್ಲಿಂದ ಮೇಲೆ ಕಾಫಿ ತೋಟ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಆಮೇಲೆ ತೋಟ ಕಡಿದುಹೋಗಿ ಬೋಳು ಹುಲ್ಲಿನ ಬೆನ್ನುಗಳು ಶುರುವಾಗುತ್ತವೆ. ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಮುದುಡಿ ಕೂತ ಶೋಲಾ ಕಾಡು. ಹುಲ್ಲು ಮಳೆಯನ್ನು ಹೀರಿ, ಕಾಡು ಅದನ್ನು ಹಿಡಿದಿಟ್ಟು, ಸ್ವಲ್ಪಸ್ವಲ್ಪವಾಗಿ ಹಳ್ಳಕ್ಕೆ ಬಿಡುವುದರಿಂದಲೇ ಅಯ್ಯನಕೆರೆಗೆ ನೀರು. ಹುಲ್ಲಿನ ಮೇಲೆ ಕಾರು ಹತ್ತಿಸಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ.

ಓಡಿಸುವವರಿಗೆ ನಾಲ್ಕು ಮಾತು. ತಿರುವಿನಲ್ಲಿ ಮೇಲೆ ಹತ್ತುವ ವಾಹನಕ್ಕೆ ಮೊದಲ ದಾರಿ. ಇಳಿಯುವವರು ಅಗಲವಿದ್ದ ಕಡೆ ನಿಂತು ಬಿಡಬೇಕು. ಪ್ರತಿ ಕುರುಡು ತಿರುವಿಗೂ ಹಾರ್ನ್. ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ನಿಲ್ಲಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಇಳಿಯುವಾಗ ಹತ್ತಿದ ಗೇರಿನಲ್ಲೇ, ಅಂದರೆ ಎರಡನೆಯದರಲ್ಲಿ ಇಳಿಯಿರಿ. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ನಮ್ಮ ಭಾವನಂಥವರನ್ನು ಹಿಂದಿನ ಸೀಟಿಗೆ ಕಳಿಸಿ.

ಕವಲಿನಲ್ಲಿ ಮುಳ್ಳಯ್ಯನಗಿರಿಯ ದಾರಿ ಹಿಡಿದರೆ ಮೊದಲು ಸಿಗುವುದು ಸೀತಾಳಯ್ಯನಗಿರಿ. ಶಿವನ ಹಳೆಯ ಗುಡಿ, ಗರ್ಭಗುಡಿಯಲ್ಲಿ ಲಿಂಗದ ಸುತ್ತ ಸದಾ ನೀರು. ಮಳೆಗಾಲಕ್ಕೆ ಏರದ, ಬೇಸಿಗೆಗೆ ಇಳಿಯದ ನೀರು ಎಂಬುದು ಭಕ್ತರ ನಂಬಿಕೆ. ಇದನ್ನು ಇಳಿಯುವಾಗ ನೋಡಿ, ಹತ್ತುವಾಗ ಅಲ್ಲ. ಬೆಳಗಿನ ಒಂದೊಂದು ಗಂಟೆಯೂ ಮೇಲಕ್ಕೆ ಮೀಸಲು.

ವಾಹನ ನಿಲ್ಲುವ ಜಾಗದಿಂದ ತುದಿಗೆ ನಾನೂರಕ್ಕೂ ಹೆಚ್ಚು ಮೆಟ್ಟಿಲು. ಕಲ್ಲುಮೆಟ್ಟಿಲು ಒಂದೇ ಅಳತೆಯವಲ್ಲ. ಒಂದು ಗಿಡ್ಡ, ಮುಂದಿನದು ಮೊಣಕಾಲೆತ್ತರ. ಇಬ್ಬನಿಗೆ ನೆಂದಿದ್ದರೆ ಜಾರುತ್ತವೆ. ಅಮ್ಮ ನಾಲ್ಕನೆಯ ಸಲ ಕೂತದ್ದು ಮುಕ್ಕಾಲು ದಾರಿಯಲ್ಲಿ. ಆಗ ಸುತ್ತಲೂ ಮಂಜು, ಏನೂ ಇಲ್ಲ. ಚೀಲದ ಅಡಿಯಿಂದ ಸ್ವೆಟರ್ ತೆಗೆದುಕೊಟ್ಟೆ. ಏನೂ ಮಾತನಾಡದೆ ಹಾಕಿಕೊಂಡು ಗುಂಡಿಯನ್ನು ಕತ್ತಿನವರೆಗೂ ಬಿಗಿದರು. ಅಷ್ಟರಲ್ಲಿ ಗಾಳಿ ಒಮ್ಮೆ ಬೀಸಿ, ಮಂಜು ಪರದೆ ಸರಿದಂತಲ್ಲ, ಹಿಂಜಿದ ಅರಳೆಯಂತೆ ಚೂರುಚೂರಾಗಿ ಕೆಳಕ್ಕೆ ಉರುಳಿತು. ಪೂರ್ವಕ್ಕೆ ಕಡೂರು ಸೀಮೆಯ ಬಯಲು, ಕಂದು ಬಣ್ಣದ ಹೊಲಗಳು. ಪಶ್ಚಿಮಕ್ಕೆ ಬೆಟ್ಟದ ಹಿಂದೆ ಬೆಟ್ಟ. ಬಯಲುಸೀಮೆ ಮುಗಿದು ಮಲೆನಾಡು ಹಿಡಿಯುವ ಗೆರೆಯ ಮೇಲೆ ಕೂತಿದ್ದೆವು. “ನಮ್ಮೂರು ಯಾವ ಕಡೆ?” ಎಂದು ಕೇಳಿದ ಅಮ್ಮ, ನಾನು ಕೈ ತೋರಿಸಿದ ಕಡೆ ಬಹಳ ಹೊತ್ತು ನೋಡಿದರು.

ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗುಡಿ, ಸುತ್ತ ಸಣ್ಣ ಬಯಲು. ಮುಳ್ಳಪ್ಪಸ್ವಾಮಿ ಗುಡಿಯ ಕೆಳಗಿನ ಗುಹೆಗಳಲ್ಲಿ ತಪಸ್ಸು ಮಾಡಿದರೆಂದು ಹೇಳುತ್ತಾರೆ. ಗಿರಿಗೆ ಹೆಸರು ಬಂದದ್ದೂ ಅವರಿಂದಲೇ. ಚಪ್ಪಲಿ ಹೊರಗೆ ಬಿಡಿ, ಕಲ್ಲು ಮಂಜುಗಡ್ಡೆಯಂತಿರುತ್ತದೆ, ಹೆಚ್ಚುವರಿ ಕಾಲುಚೀಲ ಈಗ ನೆನಪಾಗಲಿ. ಫೋಟೊ ತೆಗೆಯಲು ಕಟ್ಟೆಯಾಚೆ ಇಳಿಯಬೇಡಿ. ಮಂಜು ಕವಿದಿದ್ದರೆ ಹತ್ತೇ ನಿಮಿಷಕ್ಕೆ ಇಳಿದುಬಿಡಬೇಡಿ, ಒಂದು ಗಂಟೆ ಕಾಯಿರಿ. ಜುಲೈನಲ್ಲಿ ಕಾದರೂ ಪ್ರಯೋಜನವಿಲ್ಲ, ಅದು ಬೇರೆ ಮಾತು.

ನಡೆಯುವ ಹುರುಪಿರುವವರಿಗೆ ಕೆಳಗಿನ ಸರ್ಪದಾರಿಯಿಂದ ಹುಲ್ಲಿನ ನೆತ್ತಿಯ ಮೇಲೆ ಕಾಲುದಾರಿಯಿದೆ. ಕಡಿದಾದ ಏರು, ನೆರಳಿಲ್ಲ. ಆ ದಿನ ಬಿಡುತ್ತಿದ್ದಾರೆಯೇ ಎಂದು ಗೇಟಿನಲ್ಲೇ ಕೇಳಿಕೊಳ್ಳಿ. ಈ ಹುಲ್ಲಿನಲ್ಲೇ 2022ರಲ್ಲಿ ಕುರಿಂಜಿ ಅರಳಿ ಬೆಟ್ಟ ನೀಲಿಯಾಗಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಡುವ ಜಾತಿಯದು, ಹಾಗಾಗಿ ಅದನ್ನು ಈ ಪ್ರವಾಸದ ಲೆಕ್ಕಕ್ಕೆ ಹಿಡಿಯಬೇಡಿ.

ಗಿರಿ ಇಳಿದ ಮೇಲೆ ಅದೇ ಬೆಟ್ಟಸಾಲಿನ ಇನ್ನೊಂದು ತುದಿ, ಬಾಬಾಬುಡನ್‌ಗಿರಿ. ಬಾಲಚಂದ್ರನಂತೆ ಬಾಗಿದ ಈ ಸಾಲಿಗೆ ಚಂದ್ರದ್ರೋಣ ಪರ್ವತ ಎಂಬ ಹೆಸರು ಬಂದದ್ದು ಯಾಕೆಂದು ಕಾರು ಬಾಗಿಬಾಗಿ ಹೋಗುವಾಗ ತಿಳಿಯುತ್ತದೆ. ಕವಿಕಲ್ ಗಂಡಿಯಲ್ಲಿ ಇಳಿಯಿರಿ, ಗಾಳಿಗೆ ಟೊಪ್ಪಿಗೆ ಹಿಡಿದುಕೊಳ್ಳಿ. ಮುಂದೆ ಅತ್ತಿಗುಂಡಿಯಲ್ಲಿ ಊಟಕ್ಕೆ ಚಿಕ್ಕ ಹೋಟೆಲುಗಳು, ಆಮೇಲೆ ರಸ್ತೆಬದಿಯಲ್ಲೇ ಹೊನ್ನಮ್ಮನ ಹಳ್ಳದ ಜಲಪಾತ.

ಬಾಬಾಬುಡನ್‌ಗಿರಿಯ ಎತ್ತರ 1,895 ಮೀಟರ್. ಅಲ್ಲಿನ ಗುಹೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್‌ನ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರೆಂಬುದು ಪ್ರಸಿದ್ಧ ಕಥೆ. ಅಲ್ಲಿಂದ ಮಾಣಿಕ್ಯಧಾರಾಕ್ಕೆ ಇನ್ನಷ್ಟು ದೂರ. ಸ್ನಾನ ಮಾಡಿ ಉಟ್ಟ ಬಟ್ಟೆಯಲ್ಲಿ ಒಂದನ್ನು ಅಲ್ಲೇ ಬಿಟ್ಟು ಬರುವ ಪದ್ಧತಿಯೊಂದು ಬೆಳೆದುಬಂದಿದೆ. ತೆಳ್ಳಗೆ ಬೀಳುವ ಆ ಧಾರೆಯ ಪಕ್ಕದಲ್ಲಿ ಒದ್ದೆ ಅಂಗಿ, ಚಡ್ಡಿಗಳ ಗುಡ್ಡೆ ನೋಡಿ ನನಗೆ ಸಿಟ್ಟೇ ಬಂತು. ದಯವಿಟ್ಟು ಹೊತ್ತು ತನ್ನಿ.

ಕೆಮ್ಮಣ್ಣುಗುಂಡಿಯನ್ನೂ ಇದೇ ದಿನ ಮುಗಿಸೋಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಟ್ಟದ ಮೇಲಿಂದಲೇ ಹೋಗುವ ದಾರಿ ಜೀಪಿಗೆ ಮಾತ್ರ ಯೋಗ್ಯ. ಭದ್ರಾವತಿಯ ಕಾರ್ಖಾನೆಗೆ ಅದಿರು ಕೊಟ್ಟ ಆ ಕೆಂಪು ಮಣ್ಣಿನ ಊರಿಗೆ ಬೀರೂರು, ಲಿಂಗದಹಳ್ಳಿ ಕಡೆಯಿಂದ ಇನ್ನೊಮ್ಮೆ ಹೋಗಿ. ಕಲ್ಲತ್ತಿಗಿರಿ ಜಲಪಾತ ಆ ದಾರಿಯಲ್ಲೇ ಇದೆ.

ನಾಲ್ಕು ಗಂಟೆಯೊಳಗೆ ತಂಗುವ ಜಾಗಕ್ಕೆ ಬನ್ನಿ. ನವೆಂಬರ್‌ನಿಂದ ಫೆಬ್ರವರಿಯೊಳಗಾದರೆ ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಹರವಿದ ಹಣ್ಣನ್ನು ಕಾಲಿನಿಂದ ಸಾಲುಸಾಲಾಗಿ ತಿರುವುವುದನ್ನು ನೋಡಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಕೆಲವು ದಿನಕ್ಕೆ ತೋಟವೆಲ್ಲ ಬಿಳಿಯಾಗಿ ಮಲ್ಲಿಗೆಯ ಹಾಗೆ ಘಮಘಮಿಸುತ್ತದೆ.

ಮೂರನೆಯ ದಿನ: ಬೇರೆ ದಾರಿಯಲ್ಲಿ ಮನೆಗೆ

ಬಂದ ದಾರಿಯಲ್ಲೇ ಹಿಂದಿರುಗಬೇಡಿ. ಚಿಕ್ಕಮಗಳೂರಿನಿಂದ ಜಾವಗಲ್ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರಿಗೆ ಬೆಳವಾಡಿ. ಇಲ್ಲಿನ ವೀರನಾರಾಯಣ ದೇವಾಲಯ ಇಮ್ಮಡಿ ವೀರಬಲ್ಲಾಳನ ಕಾಲದ್ದು, ಮೂರು ಗರ್ಭಗುಡಿಗಳ ತ್ರಿಕೂಟ. ಒಳಗೆ ಕಡೆದು ಉಜ್ಜಿದ ಕಂಬಗಳ ಕಾಡು. ಕಂಬದಲ್ಲಿ ನಿಮ್ಮ ಮುಖ ಮಸುಕಾಗಿ ಕಾಣುತ್ತದೆ. ವೇಣುಗೋಪಾಲನ ವಿಗ್ರಹದ ಮುಂದೆ ಹೆಚ್ಚು ಹೊತ್ತು ನಿಲ್ಲಿ. ನನ್ನ ಮಟ್ಟಿಗೆ ಹೊಯ್ಸಳರ ಶಿಲ್ಪಗಳಲ್ಲೇ ಅದಕ್ಕೆ ಸಮನಾದವು ಕಡಿಮೆ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಎಂದು ಊರವರು ಹೇಳುತ್ತಾರೆ.

ಅಲ್ಲಿಂದ ಹಳೇಬೀಡು ಹತ್ತಿರ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚಾಗಿದ್ದಾರೆ. ಬೇಲೂರನ್ನು ಈ ಸಲ ಬಿಡಿ. ಒಂದೇ ದಿನಕ್ಕೆ ಮೂರು ಹೊಯ್ಸಳ ಗುಡಿಗಳಾದರೆ ಮೂರನೆಯದರಲ್ಲಿ ಕಣ್ಣಿಗೆ ಎಲ್ಲ ಆನೆಗಳೂ ಒಂದೇ ಥರ ಕಾಣುತ್ತವೆ.

ಮಧ್ಯಾಹ್ನ ಎರಡರೊಳಗೆ ಹಳೇಬೀಡು ಬಿಟ್ಟು ಜಾವಗಲ್ ಮೇಲೆ ಅರಸೀಕೆರೆಗೆ ಬಂದು ಬಿ.ಎಚ್. ರಸ್ತೆ ಸೇರಿ. ಜಾವಗಲ್ ದಾಟುವಾಗ, ಕ್ರಿಕೆಟ್ಟಿಗ ಶ್ರೀನಾಥ್ ಹೆಸರಿನ ಮುಂದಿರುವ ಊರು ಇದೇ ಎಂದು ಹೇಳಿದ್ದಕ್ಕೆ ನಮ್ಮ ಮಕ್ಕಳು, “ಯಾವ ಶ್ರೀನಾಥ್?” ಎಂದರು. ಭಾವ ತಿಪಟೂರಿನವರೆಗೂ ಆ ಬೌಲಿಂಗನ್ನು ವರ್ಣಿಸಿದರು.

ಕಾಫಿಪುಡಿಯನ್ನು ಚಿಕ್ಕಮಗಳೂರಿನಲ್ಲೇ, ಕಣ್ಣೆದುರು ಬೀಸಿಸಿ ತನ್ನಿ. ಚಿಕೋರಿ ಎಷ್ಟು ಎಂದು ಅಂಗಡಿಯವರು ಕೇಳುತ್ತಾರೆ, ಉತ್ತರವನ್ನು ಮನೆಯಿಂದ ಹೊರಡುವ ಮುಂಚೆಯೇ ತೀರ್ಮಾನಿಸಿಕೊಳ್ಳಿ. ಅಂಗಡಿಯ ಮುಂದೆ ನಮ್ಮಿಬ್ಬರ ನಡುವೆ ಅದು ಹತ್ತು ನಿಮಿಷ ನಡೆಯಿತು. ತಿಪಟೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಮ್ಮ ಸ್ವೆಟರ್ ಬಿಚ್ಚಿ, ನೀಟಾಗಿ ಮಡಚಿ, ನನ್ನ ಚೀಲದ ಅಡಿಯಲ್ಲಿ ಅದು ಮೊದಲಿದ್ದ ಜಾಗದಲ್ಲೇ ಇಟ್ಟರು.